ಟೇಕ್ ಓವರ್: ವಹಿಸಿಕೊಂಡದ್ದೋ, ವಶಪಡಿಸಿಕೊಂಡದ್ದೋ?

ಟೇಕ್ ಅಂದರೆ ತಗೊಳ್ಳೋದು. ಓವರ್ ಅಂದರೆ ಮೇಲೆ, ಅಥವಾ ಮುಗೀತು, ಅಥವಾ ಕ್ರಿಕೆಟ್ಟಿನ ಆರು ಎಸೆತ. ಎರಡೂ ಪದ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಜೋಡಿಸಿ 'ಟೇಕ್ ಓವರ್' ಅಂದರೆ ಮಾತ್ರ ಡಿಗ್ರಿ ಮಾಡಿದವರೂ ಸ್ವಲ್ಪ ತಡವರಿಸುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನ ತಂಗಿಯ ಮಗ ಊರಿನಿಂದ ಫೋನ್ ಮಾಡಿದ್ದ. ಅವನ ಗೈಡಿನಲ್ಲಿ ಈ ಮಾತಿಗೆ 'ವಶಪಡಿಸಿಕೊಳ್ಳು' ಅಂತ ಒಂದೇ ಅರ್ಥ ಕೊಟ್ಟಿದ್ದಾರಂತೆ. "ಹಾಗಾದ್ರೆ ಮಾವ, ಹೊಸ ಮ್ಯಾನೇಜರು ಬಂದು ಬ್ರಾಂಚನ್ನು ವಶಪಡಿಸಿಕೊಳ್ತಾರಾ?" ಅಂತ ಕೇಳಿದ. ಕೆಲವರು ಹಾಗೂ ಮಾಡ್ತಾರೆ ಕಣೋ ಅಂದೆ. ಫೋನಿನಲ್ಲಿ ಅಷ್ಟು ಸಾಕಿತ್ತು. ಆದರೆ ಮಾತು ತಲೆಯಲ್ಲೇ ಉಳಿಯಿತು. ಈ ಎರಡು ಪದಗಳ ನಡುವೆ ನಮ್ಮ ಮೈಸೂರಿನ ಐವತ್ತು ವರ್ಷ ಕಳೆದುಹೋಗಿದೆ. ನಾನು ಅನ್ನ ತಿನ್ನುವ ಈ ಗುಜರಾತಿನ ಚರಿತ್ರೆಯೂ ಸಾಕಷ್ಟು ಸಿಕ್ಕಿಕೊಂಡಿದೆ. ಬ್ಯಾಂಕುಗಳ ಕಥೆಯಂತೂ ಸರಿಯೇ ಸರಿ.

ಮೊದಲು ಸ್ವಲ್ಪ ವ್ಯಾಕರಣ. ಹೆದರಬೇಡಿ, ನಾನು ಬಿಕಾಂ, ನನ್ನ ವ್ಯಾಕರಣ ಬಹಳ ದೂರ ಹೋಗುವುದಿಲ್ಲ.

ಇಂಗ್ಲಿಷಿನವರು ಇಂಥದ್ದಕ್ಕೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ಕ್ರಿಯಾಪದದ ಪಕ್ಕಕ್ಕೆ ಒಂದು ಪುಟ್ಟ ಪದ ಬಂದು ಕೂತು ಅರ್ಥವನ್ನೇ ತಿರುಗಿಸಿಬಿಡುತ್ತದೆ. ಇದೇನೋ ಅವರಿಗೆ ಮಾತ್ರ ಇರುವ ಜಾಣತನ ಅಂತ ನಾವು ಗಾಬರಿಯಾಗುತ್ತೇವೆ. ಕನ್ನಡದಲ್ಲೂ ಇದೆ ಸ್ವಾಮಿ. 'ನೋಡು' ಬೇರೆ, 'ನೋಡಿಕೋ' ಬೇರೆ. ಮಗುವನ್ನು ನೋಡಿ ಅಂದರೆ ಕಣ್ಣು ಹಾಯಿಸಿದರೆ ಸಾಕು, ನೋಡಿಕೊಳ್ಳಿ ಅಂದರೆ ಹಾಲು ಕುಡಿಸಿ ಮಲಗಿಸಬೇಕು. 'ಹೇಳಿಕೊಡು' ಅನ್ನುವಲ್ಲಿ ಯಾರೂ ಯಾರಿಗೂ ಏನನ್ನೂ ಕೈಯೆತ್ತಿ ಕೊಡುವುದಿಲ್ಲ. ನಮ್ಮಲ್ಲಿ ಕೊಡು, ಕೊಳ್ಳು, ಬಿಡು, ಹಾಕು ಮಾಡುವ ಕೆಲಸವನ್ನು ಅಲ್ಲಿ ಓವರ್, ಅಪ್, ಆಫ್, ಔಟ್ ಮಾಡುತ್ತವೆ, ಅಷ್ಟೇ.

ಟೇಕ್ ಓವರ್‌ಗೆ ಮುಖ್ಯವಾಗಿ ಎರಡು ಅರ್ಥ. ಒಂದು, ಇನ್ನೊಬ್ಬರು ಮಾಡುತ್ತಿದ್ದ ಕೆಲಸವನ್ನೋ ಜವಾಬ್ದಾರಿಯನ್ನೋ ಅವರ ನಂತರ ನಾವು ವಹಿಸಿಕೊಳ್ಳುವುದು. ಇನ್ನೊಂದು, ಇನ್ನೊಬ್ಬರದ್ದನ್ನು ನಮ್ಮ ಹಿಡಿತಕ್ಕೆ ತಂದುಕೊಳ್ಳುವುದು. ಮೊದಲನೆಯದಕ್ಕೆ ಜೋಡಿ ಇದೆ: ಒಬ್ಬ ಹ್ಯಾಂಡ್ ಓವರ್ ಮಾಡುತ್ತಾನೆ, ಇನ್ನೊಬ್ಬ ಟೇಕ್ ಓವರ್ ಮಾಡುತ್ತಾನೆ. ನಮ್ಮ ವಹಿಸಿಕೊಡು, ವಹಿಸಿಕೊಳ್ಳು ಇದ್ದ ಹಾಗೆ. ಇಲ್ಲಿ 'ಓವರ್' ಅಂದರೆ ಆ ಕೈಯಿಂದ ಈ ಕೈಗೆ ದಾಟುವುದು. ಎರಡನೆಯದಕ್ಕೆ ಕೊಡುವವರು ಬೇಕಿಲ್ಲ. ಅಲ್ಲಿ 'ಓವರ್' ಅಂದರೆ ಮೇಲೆ ಬಂದು ಕೂರುವುದು. ಇದು ಪಂಡಿತರು ಹೇಳಿದ್ದಲ್ಲ, ನಾನು ನೆನಪಿಟ್ಟುಕೊಳ್ಳುವ ಉಪಾಯ.

ಗುಜರಾತಿಗಳು ಇದನ್ನು ಚೆನ್ನಾಗಿ ಬೇರೆ ಮಾಡುತ್ತಾರೆ. ಅಪ್ಪನ ಅಂಗಡಿಯನ್ನು ಮಗ ನಡೆಸಲು ಶುರುಮಾಡಿದರೆ 'ಸಂಭಾಳೀ ಲೀಧುಂ', ಅಣ್ಣನ ಪಾಲನ್ನು ತಮ್ಮ ಹೊಡೆದುಕೊಂಡರೆ 'ಲಈ ಲೀಧುಂ'. ಎರಡರಲ್ಲೂ ತೆಗೆದುಕೊಂಡದ್ದೇ, ಆದರೆ ಮೊದಲನೆಯದರಲ್ಲಿ ಕಾಪಾಡುವ ಹೊಣೆಯೂ ಜೊತೆಗೆ ಬರುತ್ತದೆ. ಇಂಗ್ಲಿಷಿನವನು ಎರಡಕ್ಕೂ ಟೇಕ್ ಓವರ್ ಅಂತ ಹೇಳಿ ತನ್ನ ಪಾಡಿಗೆ ಹೋಗಿಬಿಡುತ್ತಾನೆ.

ಇನ್ನು ಬಳಕೆ. ಚಾರ್ಜನ್ನು ಟೇಕ್ ಓವರ್ ಮಾಡಿದ ಅನ್ನಲು 'ಹೀ ಟುಕ್ ಓವರ್ ದ ಬ್ರಾಂಚ್' ಸರಿ, 'ಹೀ ಟುಕ್ ದ ಬ್ರಾಂಚ್ ಓವರ್' ಕೂಡ ಸರಿ. ಆದರೆ 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಟುಕ್ ಇಟ್ ಓವರ್'. 'ಟುಕ್ ಓವರ್ ಇಟ್' ತಪ್ಪು. ಯಾರಿಂದ ವಹಿಸಿಕೊಂಡದ್ದು ಅಂತ ಹೇಳಬೇಕಾದರೆ 'ಟುಕ್ ಓವರ್ ಫ್ರಮ್'. ಕ್ರಿಯಾಪದವಾದರೆ ಎರಡು ಪದ, ಒತ್ತು 'ಓವರ್' ಮೇಲೆ. ನಾಮಪದವಾದರೆ ಕೂಡಿಸಿ ಒಂದೇ ಪದ, ಒತ್ತು 'ಟೇಕ್' ಮೇಲೆ. ತಿರುವಿ ಹಾಕಿ ಓವರ್‌ಟೇಕ್ ಅಂದರೆ ಲಾರಿ ಹಿಂದಿಕ್ಕುವುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ತಮಾಷೆ ಏನೆಂದರೆ 'ಟೇಕ್' ಮೂಲತಃ ಇಂಗ್ಲಿಷಿನದ್ದೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವುದಕ್ಕೆ 'ನಿಮನ್' ಎಂಬ ಬೇರೆ ಪದವಿತ್ತು. ವೈಕಿಂಗರ ಜೊತೆ ಬಂದ 'ತಾಕ' ಎಂಬ ಪದ ಅದನ್ನು ಮೂಲೆಗೆ ತಳ್ಳಿ ತಾನು 'ಟೇಕ್' ಆಗಿ ಕೂತಿತು. ಟೇಕ್ ಎಂಬ ಪದವೇ ಟೇಕ್ ಓವರ್ ಮಾಡಿಕೊಂಡು ಬಂದದ್ದು.

ವಹಿಸಿಕೊಳ್ಳುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ಬ್ಯಾಂಕಿಗೆ ಬನ್ನಿ. ವರ್ಗವಾಗಿ ಬಂದ ಮ್ಯಾನೇಜರು ಮೊದಲ ದಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವಂತಿಲ್ಲ. ಹಳಬನೂ ಹೊಸಬನೂ ಜೊತೆಯಾಗಿ ಸ್ಟ್ರಾಂಗ್ ರೂಮಿಗೆ ಹೋಗಬೇಕು. ನೋಟು ಎಣಿಸಬೇಕು, ಚಿನ್ನದ ಸಾಲದ ಪೊಟ್ಟಣಗಳನ್ನು ರಿಜಿಸ್ಟರಿಗೆ ತಾಳೆ ನೋಡಬೇಕು, ಬೀಗದ ಕೈಗಳ ಎರಡೂ ಜೊತೆ ಎಲ್ಲಿವೆ ಅಂತ ಬರೆಯಬೇಕು. ಅಡಮಾನದ ಪತ್ರಗಳು, ಕೋರ್ಟಿನಲ್ಲಿರುವ ದಾವೆಗಳು, ಸಸ್ಪೆನ್ಸ್ ಖಾತೆಯಲ್ಲಿ ಬಗೆಹರಿಯದೆ ಕೂತಿರುವ ಬಾಬ್ತುಗಳು, ಕಡೆಗೆ ಕಾಲು ಮುರಿದ ಕುರ್ಚಿಗಳು ಕೂಡ ಪಟ್ಟಿಯಲ್ಲಿ ಬರಬೇಕು. ಕೆಳಗೆ ಎರಡು ಸಹಿ. ಎಡಕ್ಕೆ ಹ್ಯಾಂಡೆಡ್ ಓವರ್, ಬಲಕ್ಕೆ ಟೇಕನ್ ಓವರ್. ತಾರೀಕಿನ ಪಕ್ಕ ಬೆಳಿಗ್ಗೆಯೋ ಮಧ್ಯಾಹ್ನವೋ ಅಂತ ಕೂಡ ಹಾಕುತ್ತೇವೆ, ಯಾಕೆಂದರೆ ಮಧ್ಯಾಹ್ನದ ತನಕ ಆದ ಎಡವಟ್ಟಿಗೆ ಎಡಗಡೆಯವನು ಹೊಣೆ, ಆಮೇಲಿನದಕ್ಕೆ ಬಲಗಡೆಯವನು. ಎಷ್ಟು ವಹಿಸಿಕೊಂಡೆ, ಯಾರಿಂದ, ಯಾವಾಗ, ಮುಂದೆ ಯಾರಿಗೆ ಲೆಕ್ಕ ಕೊಡಬೇಕು: ಈ ನಾಲ್ಕೂ ಕಾಗದದ ಮೇಲೆ ಇದ್ದರೆ ಅದು ವಹಿಸಿಕೊಂಡದ್ದು. ಇದೇ ನಾಲ್ಕು ಪ್ರಶ್ನೆ ಹಿಡಿದು ಹಳೆಯ ಟೇಕ್ ಓವರ್‌ಗಳನ್ನು ಆಡಿಟ್ ಮಾಡೋಣ ಅಂತ ಹೊರಟಿದ್ದೇನೆ.

ನಾನಿರುವ ಊರಿನಿಂದಲೇ ಶುರುಮಾಡುತ್ತೇನೆ. ಸಚಿನ್ ಅಂದರೆ ನಮ್ಮ ಕಡೆಯವರಿಗೆ ತೆಂಡೂಲ್ಕರ್ ಒಬ್ಬನೇ ಗೊತ್ತು. ಇದು ಊರು. ಸೂರತ್‌ನಿಂದ ರೈಲಿನಲ್ಲಿ ಮುಂಬಯಿ ದಿಕ್ಕಿಗೆ ಹೊರಟರೆ ಉಧನಾ, ಭೇಸ್ತಾನ್, ಆಮೇಲೆ ಸಚಿನ್. ಈಗ ಹೊರಗಿನವರಿಗೆ ಇದು ಜಿಐಡಿಸಿ ಕೈಗಾರಿಕಾ ಪ್ರದೇಶ, ಬಟ್ಟೆಯ ಮಿಲ್ಲು, ಬಣ್ಣದ ವಾಸನೆ. ಆದರೆ 1791ರಿಂದ 1948ರ ತನಕ ಇದು ಒಂದು ಸಂಸ್ಥಾನ. ಒಂಬತ್ತು ತೋಪುಗಳ ಮರ್ಯಾದೆ ಇದ್ದ ಪುಟ್ಟ ಸಂಸ್ಥಾನ. ಆಳಿದವರು ಸಿದ್ದಿ ನವಾಬರು. ಹೌದು, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ನಾವು ನೋಡುವ ಸಿದ್ದಿಗಳ ಹಾಗೆಯೇ ಆಫ್ರಿಕಾ ಮೂಲದವರು. ಅಲ್ಲಿ ಗದ್ದೆ ಕೆಲಸ, ಇಲ್ಲಿ ಸಿಂಹಾಸನ. ಒಂದೇ ಸಮುದ್ರ ದಾಟಿ ಬಂದವರ ಹಣೆಬರಹ ಹೇಗೆಲ್ಲ ಇರುತ್ತದೆ ನೋಡಿ.

ಸಂಸ್ಥಾನ ಹುಟ್ಟಿದ್ದೇ ಒಂದು ವಿಚಿತ್ರ ಕೊಡುಕೊಳ್ಳುವಿಕೆಯಿಂದ. ಕೊಂಕಣ ತೀರದ ಜಂಜೀರಾ ಕೋಟೆ ಸಿದ್ದಿಗಳದ್ದು. ಶಿವಾಜಿಗೂ ಸಂಭಾಜಿಗೂ ದಕ್ಕದ ಕೋಟೆ. ಅಲ್ಲಿನ ವಾರಸುದಾರ ಬಾಲೂಮಿಯಾ ಎಂಬ ಹುಡುಗನ ಹಕ್ಕನ್ನು ಅವರದೇ ಕುಲದ ಸಿದ್ದಿ ಜೋಹರ್ ತಪ್ಪಿಸಿ ಕೋಟೆ ಹಿಡಿದುಕೊಂಡ. ಬಾಲೂಮಿಯಾ ಓಡಿಹೋಗಿ ಪೇಶ್ವೆಯ ಮೊರೆ ಹೊಕ್ಕ. 1791ರಲ್ಲಿ ಒಪ್ಪಂದವಾಯಿತು. ಅವನು ಜಂಜೀರಾದ ಮೇಲಿನ ತನ್ನ ಹಕ್ಕನ್ನು ಪೇಶ್ವೆಗೆ ಬರೆದುಕೊಟ್ಟ, ಪೇಶ್ವೆ ಸೂರತ್ ಹತ್ತಿರದ ಸಚಿನ್ ಹಳ್ಳಿಗಳನ್ನು ಅವನಿಗೆ ಕೊಟ್ಟ. ಈಗ ಆಡಿಟ್ ಮಾಡಿ. ಬಾಲೂಮಿಯಾ ಸಚಿನ್‌ಗೆ ಬಂದು ಗದ್ದಿಗೆ ಏರಿದ, ಅವನ ವಂಶ ನೂರೈವತ್ತು ವರ್ಷಕ್ಕೂ ಮಿಕ್ಕಿ ಇಲ್ಲಿ ಆಳಿತು. ಪೇಶ್ವೆಗೆ? ಕಾಗದ ಸಿಕ್ಕಿತು, ಕೋಟೆ ಸಿಗಲಿಲ್ಲ. ಜಂಜೀರಾವನ್ನು ಪುಣೆಯವರು ಕೊನೆಗೂ ಕೈವಶ ಮಾಡಿಕೊಳ್ಳಲಾಗಲಿಲ್ಲ, ಅದು 1948ರ ತನಕ ಸಿದ್ದಿಗಳ ಸಂಸ್ಥಾನವಾಗಿಯೇ ಉಳಿಯಿತು. ಅಡಮಾನ ಪತ್ರ ಸರಿಯಾಗಿದೆ, ಸ್ವತ್ತಿನ ಸ್ವಾಧೀನ ಮಾತ್ರ ಬೇರೆಯವರ ಹತ್ತಿರ. ಇಂಥ ಕಡತ ಪ್ರತಿ ಬ್ರಾಂಚಿನ ಬೀರುವಿನಲ್ಲೂ ಒಂದಾದರೂ ಇರುತ್ತದೆ. ಹ್ಯಾಂಡ್ ಓವರ್ ಆಗಿ ಟೇಕ್ ಓವರ್ ಆಗದ ಕೇಸು.

ಪಕ್ಕದ ಸೂರತ್‌ನಲ್ಲಿ ಇದರ ಉಲ್ಟಾ. ತಾಪಿ ದಂಡೆಯ ಕೋಟೆಯೂ ಮೊಗಲರ ಹಡಗುಪಡೆಯ ಅಧಿಕಾರವೂ ಸಿದ್ದಿಗಳ ಕೈಯಲ್ಲಿತ್ತು. 1759ರಲ್ಲಿ ಇಂಗ್ಲಿಷರು ಫಿರಂಗಿ ಹಾರಿಸಿ ಕೋಟೆ ಹಿಡಿದರು. ಹಿಡಿದ ಮೇಲೆ ದೆಹಲಿಯಿಂದ ಸನದು ತರಿಸಿಕೊಂಡರು. ಅಂದರೆ ಇದು ಬಾದಶಹನ ಕೋಟೆ, ನಾವು ಅವನ ಪರವಾಗಿ ನೋಡಿಕೊಳ್ಳುವವರು! ಹಿಡಿದದ್ದು ಮೊದಲು, ವಹಿಸಿಕೊಂಡ ಕಾಗದ ಆಮೇಲೆ. ನಾಲ್ಕು ದಶಕ ಊರಿನಲ್ಲಿ ನವಾಬನೂ ಇದ್ದ, ಕೋಟೆಯಲ್ಲಿ ಕಂಪನಿಯೂ ಇತ್ತು. 1800ರಲ್ಲಿ ನವಾಬನಿಗೆ ಪಿಂಚಣಿ ಗೊತ್ತುಮಾಡಿ ಊರಿನ ಆಡಳಿತವನ್ನೂ ಕಂಪನಿ ಬರೆಸಿಕೊಂಡಿತು. ಲೆಕ್ಕ ಯಾರಿಗೆ ಕೊಡಬೇಕು ಎಂಬ ನನ್ನ ನಾಲ್ಕನೇ ಪ್ರಶ್ನೆಗೆ ಅಲ್ಲಿಂದ ಮುಂದೆ ಉತ್ತರವೇ ಇಲ್ಲ.

ಈಗ ನಮ್ಮ ಮೈಸೂರಿಗೆ ಬರೋಣ. ಈ ಕಥೆಯನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳುವವನು, ಯಾಕೆಂದರೆ ನಾನು ಹೊಸನಗರ ತಾಲ್ಲೂಕಿನವನು. ಎಲ್ಲಕ್ಕೂ ನೆಪವಾದದ್ದು ನಮ್ಮ ನಗರದ ದಂಗೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಂಗ್ಲಿಷರು ಗದ್ದಿಗೆಯಲ್ಲಿ ಕೂರಿಸಿದರು. ಜೊತೆಗೊಂದು ಒಪ್ಪಂದ. ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಆ ಹಣಕ್ಕೆ ಅಪಾಯ ಬಂತು ಅನ್ನಿಸಿದರೆ, ಹಣ ವಸೂಲಾಗಲು ಎಷ್ಟು ಬೇಕೋ ಅಂಥ ಭಾಗವನ್ನೋ ಭಾಗಗಳನ್ನೋ ಕಂಪನಿ ತನ್ನ ನೇರ ಆಡಳಿತಕ್ಕೆ ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಅದರ ಸರಿಯಾದ ಲೆಕ್ಕ ಕೊಡಬೇಕು. ಏನೇ ಆದರೂ ಮಹಾರಾಜರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ ಮತ್ತು ನಿವ್ವಳ ಆದಾಯದ ಐದನೇ ಒಂದು ಭಾಗ ತಪ್ಪಬಾರದು. ಬ್ಯಾಂಕಿನವನ ಕಣ್ಣಿನಿಂದ ನೋಡಿ, ಎಷ್ಟು ಚೆಂದದ ಷರತ್ತು! ಸಾಲಕ್ಕೆ ತಕ್ಕ ಜಾಮೀನು, ಅದಕ್ಕಿಂತ ಹೆಚ್ಚಿಲ್ಲ.

ಒಪ್ಪಂದದ ಇಂಗ್ಲಿಷಿನಲ್ಲಿ ಟೇಕ್ ಓವರ್ ಇಲ್ಲ, 'ಅಸ್ಯೂಮ್' ಅಂತ ಇದೆ. ಸರಕಾರಿ ಭಾಷೆಯಲ್ಲಿ ಅಧಿಕಾರ ವಹಿಸಿಕೊಳ್ಳುವುದಕ್ಕೆ ಅದೇ ಪದ. ಅದಕ್ಕೆ ಇನ್ನೊಂದು ಅರ್ಥ, ಪುರಾವೆ ಇಲ್ಲದೆ ಹಾಗೇ ಇರಬೇಕು ಅಂತ ಭಾವಿಸಿಕೊಳ್ಳುವುದು. ಕಂಪನಿ ಎರಡೂ ಮಾಡಿತು.

1830ರಲ್ಲಿ ಕಂದಾಯದ ಗುತ್ತಿಗೆದಾರರ ಕಾಟ ತಡೆಯಲಾರದೆ ನಗರದ ರೈತರು ಕೂಟ ಸೇರಿದರು. ಕೂಟ ಅನ್ನುವುದು ಆಗಿನ ಪದವೇ. ಬೂದಿಬಸಪ್ಪ ಅನ್ನುವವನು ತಾನೇ ನಗರದ ಅರಸ ಅಂತ ಹೇಳಿಕೊಂಡು ಮುಂದೆ ಬಂದ. ದಂಗೆ ಅಡಗಿಸಲು ಕಂಪನಿಯ ಪಡೆ ಬಂತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಮೈಸೂರನ್ನು ಮಹಾರಾಜರ ಕೈಯಿಂದ ತೆಗೆದುಕೊಂಡ. ಭಾಗವನ್ನಲ್ಲ, ಭಾಗಗಳನ್ನಲ್ಲ, ಇಡಿಯಾಗಿ. ಮಹಾರಾಜರು ಗಲಾಟೆ ಮಾಡದೆ ಬಿಟ್ಟುಕೊಟ್ಟು ಅರಮನೆಯಲ್ಲಿ ಉಳಿದರು.

ನನಗೆ ಬಹಳ ಕಾಡುವುದು ಆಮೇಲಿನದ್ದು. ತೆಗೆದುಕೊಂಡ ಮೇಲೆ ಬೆಂಟಿಂಕ್ ಒಂದು ಸಮಿತಿ ಮಾಡಿದ. ದೂರುಗಳು ಉತ್ಪ್ರೇಕ್ಷೆಯಾಗಿದ್ದವು ಅಂತ ವರದಿ ಬಂತು. 1834ರಲ್ಲಿ ಬೆಂಟಿಂಕ್ ತಾನೇ, ಕಾಣಿಕೆಗೆ ಸಾಕಾಗುವಷ್ಟು ಜಿಲ್ಲೆ ಇಟ್ಟುಕೊಂಡು ಉಳಿದದ್ದನ್ನು ಮಹಾರಾಜರಿಗೆ ಹಿಂದಿರುಗಿಸೋಣ ಅಂತ ಬರೆದ. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ತೆಗೆದುಕೊಂಡವನೇ ಕೊಡೋಣ ಅಂದರೂ ಹೆಡ್ಡಾಫೀಸು ಕೊಡಲಿಲ್ಲ! ಅದೇ ವರ್ಷ ಕಮಿಷನರಾಗಿ ಬಂದ ಮಾರ್ಕ್ ಕಬ್ಬನ್ 1861ರ ತನಕ ಇದ್ದ. ಆಮೇಲೆ ಬೌರಿಂಗ್. ಕಬ್ಬನ್ ಪಾರ್ಕಿನಲ್ಲಿ ಕೂತು ಕಡಲೆಕಾಯಿ ತಿಂದವರು ನಾವೆಲ್ಲ, ಒಳ್ಳೆಯ ಕೆಲಸಗಳು ಆಗಲಿಲ್ಲ ಅನ್ನುತ್ತಿಲ್ಲ. ರಸ್ತೆಗಳಾದವು, ರೈಲು ಬಂತು. ಆದರೆ ಚೆನ್ನಾಗಿ ನಡೆಸಿದ ಮಾತ್ರಕ್ಕೆ ಅಂಗಡಿ ನಡೆಸಿದವನದ್ದಾಗುತ್ತದೆಯೇ? ಇಲ್ಲಿ ಹೋಟೆಲಿನ ನಮ್ಮವರನ್ನು ಕೇಳಿ. ಮಾಲೀಕ ಊರಿಗೆ ಹೋಗುವಾಗ ಹೋಟೆಲನ್ನು ಇನ್ನೊಬ್ಬನಿಗೆ ನಡೆಸಲು ಕೊಡುತ್ತಾನೆ, ತಿಂಗಳಿಗಿಷ್ಟು ಅಂತ. ನಡೆಸಿದವನು ಎಷ್ಟೇ ಗಿರಾಕಿ ಹೆಚ್ಚಿಸಿದರೂ ಕರಾರು ಮುಗಿದ ದಿನ ಬೀಗದ ಕೈ ವಾಪಸ್ ಕೊಡಬೇಕು.

ಮುಮ್ಮಡಿ ಪತ್ರದ ಮೇಲೆ ಪತ್ರ ಬರೆದರು. ಲಂಡನ್ನಿಗೂ ಬರೆಸಿದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತು ಒಪ್ಪದಿದ್ದರೆ ಮೈಸೂರು ಅಲ್ಲಿಗೇ ಮುಗಿಯುತ್ತಿತ್ತು, ಆ ಗೈಡಿನಲ್ಲಿರುವ ಅರ್ಥವೇ ಖಾಯಂ ಆಗುತ್ತಿತ್ತು. 1867ರಲ್ಲಿ ಲಂಡನ್ ಒಪ್ಪಿತು: ಹುಡುಗ ವಯಸ್ಸಿಗೆ ಬಂದಾಗ ರಾಜ್ಯ ಹಿಂದಿರುಗಿಸುವುದು. ಮರುವರ್ಷ, 1868ರ ಮಾರ್ಚ್ 27ರಂದು ಮುಮ್ಮಡಿ ತೀರಿಕೊಂಡರು. ಮೂವತ್ತಾರು ವರ್ಷ ಕಾದಿದ್ದರು, ತಮ್ಮ ಕೈಗೆ ಬರಲಿಲ್ಲ. 1881ರ ಮಾರ್ಚ್ 25ರಂದು ಹದಿನೆಂಟರ ಚಾಮರಾಜೇಂದ್ರರು ಅಧಿಕಾರ ವಹಿಸಿಕೊಂಡರು, ರಂಗಾಚಾರ್ಲು ದಿವಾನರಾದರು. ಇಂಗ್ಲಿಷಿನಲ್ಲಿ ಇದಕ್ಕೆ 'ರೆಂಡಿಷನ್' ಅನ್ನುತ್ತಾರೆ, ಹಿಂದಕ್ಕೆ ಕೊಡುವುದು.

ಅವತ್ತಿನ ಚಾರ್ಜ್ ಪಟ್ಟಿ ನೋಡಬೇಕು ನೀವು. 1876ರಿಂದ 78ರ ಮಹಾ ಬರಗಾಲ ಕಮಿಷನರುಗಳ ಕಾಲದಲ್ಲಿ ಬಂದದ್ದು, ಅದಕ್ಕಾಗಿ ಮಾಡಿದ ಸಾಲ 80 ಲಕ್ಷ ರೂಪಾಯಿ ಹುಡುಗನ ತಲೆಗೆ ಬಂತು. ವಾರ್ಷಿಕ ಕಾಣಿಕೆ 24.5 ಲಕ್ಷದಿಂದ 35 ಲಕ್ಷಕ್ಕೆ ಏರಬೇಕೆಂದಾಯಿತು (ಬರದ ಕಾರಣ ಏರಿಕೆಯನ್ನು ಕೆಲವು ವರ್ಷ ಮುಂದೂಡಿದರು). ಬೆಂಗಳೂರು ದಂಡು ಪ್ರದೇಶವನ್ನು ಇಂಗ್ಲಿಷರು ತಮ್ಮಲ್ಲೇ ಇಟ್ಟುಕೊಂಡರು, ಅದು ಮೈಸೂರಿಗೆ ವಾಪಸ್ ಬಂದದ್ದು 1947ರಲ್ಲಿ. ಹಳೆಯ ಮ್ಯಾನೇಜರು ಮಾಡಿದ ವಸೂಲಾಗದ ಸಾಲಕ್ಕೆ ಸಹಿ ಹಾಕಿಸಿಕೊಂಡು, ಒಂದು ಬೀರುವಿನ ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದ ಹಾಗೆ.

ಅಂದ ಹಾಗೆ ಅದೇ 1881ರಲ್ಲಿ ಗುಜರಾತಿನಲ್ಲೂ ಒಂದು ಹಸ್ತಾಂತರ ನಡೆಯಿತು. ಬರೋಡಾದ ಮಲ್ಹಾರರಾವ್ ಗಾಯಕವಾಡರನ್ನು 1875ರಲ್ಲಿ ಇಂಗ್ಲಿಷರು ಕೆಳಗಿಳಿಸಿದ್ದರು. ರೆಸಿಡೆಂಟನಿಗೆ ವಿಷ ಹಾಕಿಸಿದ ಆರೋಪದ ವಿಚಾರಣೆಯಲ್ಲಿ ಮೂವರು ಇಂಗ್ಲಿಷರು ಒಂದು ಕಡೆ, ಮೂವರು ಭಾರತೀಯರು ಇನ್ನೊಂದು ಕಡೆ. ಕಡೆಗೆ ದುರಾಡಳಿತ ಅಂತ ಕಾರಣ ಕೊಟ್ಟರು. ಹಳ್ಳಿಯಿಂದ ಕರೆತಂದ ಹನ್ನೆರಡರ ಹುಡುಗನನ್ನು ದತ್ತು ಕೊಡಿಸಿ ಸಯಾಜಿರಾವ್ ಅಂತ ಹೆಸರಿಟ್ಟರು, ದಿವಾನ್ ಟಿ. ಮಾಧವರಾವ್ ಆಡಳಿತ ನೋಡಿಕೊಂಡರು. 1881ರ ಡಿಸೆಂಬರ್ 28ರಂದು ಸಯಾಜಿರಾಯರ ಕೈಗೆ ಅಧಿಕಾರ ಬಂತು. ಮಾರ್ಚಿನಲ್ಲಿ ಮೈಸೂರು, ಡಿಸೆಂಬರಿನಲ್ಲಿ ಬರೋಡಾ. ಇಲ್ಲಿ ಆರೇಳು ವರ್ಷಕ್ಕೆ ಮುಗಿದದ್ದಕ್ಕೆ ಅಲ್ಲಿ ಐವತ್ತು ವರ್ಷ ಬೇಕಾಯಿತು, ಅಷ್ಟೇ ವ್ಯತ್ಯಾಸ.

ಮೈಸೂರಿನ ಆ ಷರತ್ತನ್ನು ಓದುವಾಗೆಲ್ಲ ನನಗೆ ನಮ್ಮ ಸರ್ಫೇಸಿ ಕಾಯ್ದೆ ನೆನಪಾಗುತ್ತದೆ. 2002ರ ಕಾಯ್ದೆ. ಸಾಲ ಕಟ್ಟದ ಉದ್ಯಮದ ಮೇಲೆ ಬ್ಯಾಂಕು ಏನೇನು ಮಾಡಬಹುದು ಅಂತ 13ನೇ ಸೆಕ್ಷನ್ನಿನಲ್ಲಿದೆ. ಜಾಮೀನು ಸ್ವತ್ತಿನ ಸ್ವಾಧೀನ ತೆಗೆದುಕೊಂಡು ಮಾರುವುದು ಒಂದು ದಾರಿ, ಅಲ್ಲಿ ಬರುವ ಮಾತು 'ಟೇಕ್ ಪೊಸೆಷನ್'. ಇನ್ನೊಂದು, ಉದ್ಯಮದ ಆಡಳಿತವನ್ನು ಬ್ಯಾಂಕು ವಹಿಸಿಕೊಳ್ಳುವುದು. ಅಲ್ಲಿ ಬರುವುದು ನಮ್ಮ 'ಟೇಕ್ ಓವರ್'. ಹಾಗೆ ವಹಿಸಿಕೊಂಡರೆ, ಬಾಕಿ ಪೂರ್ತಿ ವಸೂಲಾದ ಮೇಲೆ ಆಡಳಿತವನ್ನು ಸಾಲಗಾರನಿಗೆ ಹಿಂದಿರುಗಿಸಲೇಬೇಕು ಅಂತ 15ನೇ ಸೆಕ್ಷನ್ ಹೇಳುತ್ತದೆ. ಕಾನೂನು ಬರೆದವರು ಎರಡು ಕ್ರಿಯಾಪದಗಳನ್ನು ಎಷ್ಟು ಜಾಗ್ರತೆಯಿಂದ ಬೇರೆ ಇಟ್ಟಿದ್ದಾರೆ! ಬೆಂಟಿಂಕನ ಡೈರೆಕ್ಟರುಗಳಿಗೆ ಇಂಥ ಸೆಕ್ಷನ್ ಇದ್ದಿದ್ದರೆ ಮುಮ್ಮಡಿ ಇನ್ನೊಮ್ಮೆ ಆಳುತ್ತಿದ್ದರು.

ಬ್ಯಾಂಕಿನಲ್ಲಿ ಇನ್ನೊಂದು ಟೇಕ್ ಓವರ್ ಇದೆ, ಜಿಐಡಿಸಿಯಲ್ಲಿ ದಿನಾ ಕೇಳುವಂಥದ್ದು. ಮಗ್ಗದ ಶೆಡ್ಡಿನವನು ಒಂದು ಬ್ಯಾಂಕಿನಲ್ಲಿ ಸಾಲ ಮಾಡಿರುತ್ತಾನೆ. ನಮ್ಮಲ್ಲಿ ಬಡ್ಡಿ ಕಾಲು ಪರ್ಸೆಂಟ್ ಕಮ್ಮಿ ಅಂತ ಬರುತ್ತಾನೆ. ಹಳೆಯ ಬ್ಯಾಂಕಿನ ಬಾಕಿ ನಾವು ಕಟ್ಟಿ, ಅಡಮಾನದ ಪತ್ರ ತರಿಸಿಕೊಂಡು ಸಾಲವನ್ನು ನಮ್ಮ ಪುಸ್ತಕಕ್ಕೆ ತರುತ್ತೇವೆ. ಇದರಲ್ಲಿ ಎಲ್ಲರೂ ಖುಷಿ, ಹಳೆಯ ಬ್ಯಾಂಕಿನ ಮ್ಯಾನೇಜರು ಒಬ್ಬರನ್ನು ಬಿಟ್ಟು.

ಇನ್ನು ಬ್ಯಾಂಕುಗಳನ್ನೇ ತೆಗೆದುಕೊಂಡ ಕಥೆ. 1969ರ ಜುಲೈ 19ರಂದು 50 ಕೋಟಿ ರೂಪಾಯಿಗೆ ಕಮ್ಮಿಯಿಲ್ಲದ ಠೇವಣಿ ಇದ್ದ 14 ಬ್ಯಾಂಕುಗಳನ್ನು ಸರಕಾರ ತೆಗೆದುಕೊಂಡಿತು. ಜನರ ಬಾಯಲ್ಲಿ 'ಗೌರ್ಮೆಂಟ್ ಟೇಕ್ ಓವರ್ ಮಾಡ್ತು'. ಕಾನೂನಿನ ಹೆಸರಿನಲ್ಲಿ ಆ ಮಾತಿಲ್ಲ, 'ಅಕ್ವಿಸಿಷನ್ ಅಂಡ್ ಟ್ರಾನ್ಸ್‌ಫರ್' ಅಂತ ಇದೆ, ಸ್ವಾಧೀನ ಮತ್ತು ವರ್ಗಾವಣೆ. ತೆಗೆದುಕೊಂಡದ್ದು ಸರಿ, ಬೆಲೆ ಎಷ್ಟು? ಸೆಂಟ್ರಲ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ ಮುಂತಾದವುಗಳ ಷೇರುದಾರ ಆರ್.ಸಿ. ಕೂಪರ್ ಸುಪ್ರೀಂ ಕೋರ್ಟಿಗೆ ಹೋದರು. 1970ರ ಫೆಬ್ರವರಿ 10ರಂದು ಹನ್ನೊಂದು ನ್ಯಾಯಾಧೀಶರಲ್ಲಿ ಹತ್ತು ಮಂದಿ ಆ ಕಾನೂನನ್ನು ತಳ್ಳಿಹಾಕಿದರು. ನಾಲ್ಕೇ ದಿನಕ್ಕೆ ಹೊಸ ಸುಗ್ರೀವಾಜ್ಞೆ ಬಂತು, ಈ ಸಲ 14 ಬ್ಯಾಂಕುಗಳಿಗೆ ಒಟ್ಟು 87.40 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿ. ಅಲ್ಲಿಗೆ ಇತ್ಯರ್ಥ. ನನ್ನ ನಾಲ್ಕು ಪ್ರಶ್ನೆಗಳ ಜೊತೆಗೆ ಐದನೆಯದು ಸೇರಿತು: ಏನು ಕೊಟ್ಟು ತಗೊಂಡೆ?

ಆ 14ರಲ್ಲಿ ನಮ್ಮ ಕೆನರಾ, ಸಿಂಡಿಕೇಟ್ ಇದ್ದವು. 1980ರ ಏಪ್ರಿಲ್ 15ರಂದು ಇನ್ನೂ ಆರು ಬ್ಯಾಂಕುಗಳ ಸರದಿ, ಅದರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ. ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಒಂದರಿಂದಲೇ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳು! 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರ ಅಕ್ಟೋಬರ್ 23ರಂದು ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕ್. ರಾಷ್ಟ್ರೀಕರಣದಲ್ಲಿ ಮಾಲೀಕರು ಬದಲಾದರು, ಬೋರ್ಡು ಬದಲಾಗಲಿಲ್ಲ. ಬೋರ್ಡು ಇಳಿದದ್ದು ಆಮೇಲೆ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಕೊನೆಯದು ನಮ್ಮವರೇ ನಮ್ಮವರನ್ನು ತೆಗೆದುಕೊಂಡದ್ದು, ಅದರಲ್ಲಿ ಬೇಜಾರು ಅರ್ಧ.

ಗುಜರಾತಿನ ಕನ್ನಡಿಗರಿಗೆ ಹತ್ತಿರದಿಂದ ತಾಗಿದ್ದು 2019ರದ್ದು. ಏಪ್ರಿಲ್ 1ರಂದು ವಿಜಯಾ ಬ್ಯಾಂಕೂ ದೇನಾ ಬ್ಯಾಂಕೂ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದವು. ಅದೇ ಸಯಾಜಿರಾಯರು 1908ರಲ್ಲಿ ವಡೋದರಾದಲ್ಲಿ ಶುರುಮಾಡಿದ ಬ್ಯಾಂಕು. ವಿಜಯಾದ 1000 ಷೇರಿಗೆ ಬರೋಡಾದ 402, ದೇನಾದ 1000ಕ್ಕೆ 110. ದೇನಾ ಅನ್ನುವುದು ಹಿಂದಿಯವರ 'ಕೊಡು' ಅಲ್ಲ, ದೇವಕರಣ್ ನಾನಜೀ ಅವರ ಹೆಸರಿನ ಮೊದಲ ಅಕ್ಷರಗಳು. ಗುಜರಾತಿಗಳಿಗೆ ದೇನಾ ಹೋದ ನೋವು, ನಮಗೆ ವಿಜಯಾ ಹೋದ ನೋವು. ಅದೇ ಸುಮಾರಿಗೆ, ಮಾರ್ಚಿನಲ್ಲಿ, ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಯ 20 ಪರ್ಸೆಂಟ್ ಚಿಲ್ಲರೆ ಷೇರನ್ನು ವಿ.ಜಿ. ಸಿದ್ಧಾರ್ಥ ಅವರಿಂದ ಎಲ್ ಅಂಡ್ ಟಿ ಕೊಂಡು ಇಡೀ ಕಂಪನಿಗೆ ಕೈಹಾಕಿತ್ತು. ಸ್ಥಾಪಕರು ಬೇಡ ಅಂದರೂ ನಡೆದದ್ದರಿಂದ ಪೇಪರುಗಳು ಅದನ್ನು 'ಹಾಸ್ಟೈಲ್ ಟೇಕ್‌ಓವರ್' ಅಂದವು. ಬ್ಯಾಂಕುಗಳದ್ದಕ್ಕೆ ಮಾತ್ರ 'ಅಮಾಲ್ಗಮೇಷನ್', ವಿಲೀನ. ಹಾಲಿನಲ್ಲಿ ಸಕ್ಕರೆ ಕರಗಿದಂಥ ಮಾತು. ಸಕ್ಕರೆಯನ್ನು ಯಾರೂ ಕೇಳುವುದಿಲ್ಲ.

ನಾನು ವಿಜಯಾ ಬ್ಯಾಂಕಿನವನಲ್ಲ. ಆದರೂ ಹೇಳುತ್ತೇನೆ, ನನ್ನ ನಾಲ್ಕೂ ಪ್ರಶ್ನೆಗೆ ಆ ಸ್ಕೀಮಿನಲ್ಲಿ ಉತ್ತರವಿದೆ. ಯಾರಿಂದ ಯಾರಿಗೆ, ಯಾವ ದಿನದಿಂದ, ಏನೇನು, ಎಲ್ಲ ಇದೆ. ಸಿಬ್ಬಂದಿಯ ಸಂಬಳ ಸವಲತ್ತು ಮೊದಲಿಗಿಂತ ಕಮ್ಮಿಯಾಗಬಾರದು ಅಂತಲೂ ಇದೆ. ಆಡಿಟರ್ ಆಗಿ ನನಗೆ ತಕರಾರಿಲ್ಲ. ಪಟ್ಟಿಯಲ್ಲಿ ಬಾರದ್ದು ಒಂದಿತ್ತು. ಹೊಸದಾಗಿ ಹೋಟೆಲ್ ಕೆಲಸಕ್ಕೆ ಬಂದ ಹುಡುಗ, ಗುಜರಾತಿಯೂ ಬಾರದೆ ಹಿಂದಿಯೂ ಬಾರದೆ, ವಿಜಯಾ ಬ್ಯಾಂಕ್ ಎಂಬ ಹೆಸರು ನೋಡಿ ಒಳಗೆ ಹೋಗಿ, ಕೌಂಟರಿನಲ್ಲಿ ಕೂತವರ ಮುಖ ನೋಡಿ, ಧೈರ್ಯ ಮಾಡಿ "ಸಾರ್, ಊರಿಗೆ ದುಡ್ಡು ಕಳಿಸ್ಬೇಕಿತ್ತು" ಅಂತ ಕನ್ನಡದಲ್ಲೇ ಕೇಳಿಬಿಡುವ ಅವಕಾಶ. ಅದು ಯಾವ ರಿಜಿಸ್ಟರಿನಲ್ಲೂ ಎಂಟ್ರಿ ಆಗಿರದ ಆಸ್ತಿ, ಹಾಗಾಗಿ ಹ್ಯಾಂಡ್ ಓವರ್ ಆಗಲಿಲ್ಲ.

ನಮ್ಮ ಸಚಿನ್ ಊರೂ 2020ರಲ್ಲಿ ಸೂರತ್ ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಪೇಶ್ವೆಯಿಂದ ನವಾಬ, ನವಾಬನಿಂದ ಮುಂಬಯಿ ರಾಜ್ಯ, 1960ರಲ್ಲಿ ಗುಜರಾತ್, ಈಗ ಪಾಲಿಕೆ. ಮನೆ ತೆರಿಗೆ ಕಟ್ಟುವವರು ನಾವೇ.

ವಿಜಯಾ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು, ವಿ-ಐ-ಜೆ-ಬಿ ಅಂತ ಶುರುವಾಗುತ್ತಿದ್ದಂಥವು, 2021ರ ಮಾರ್ಚ್ 1ರಿಂದ ನಿಂತವು. ಖಾತೆಯ ನಂಬರು ಬದಲಾಯಿತು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು. ಹಳೆಯದರ ಕೊನೆಯ ಸಾಲಿನ ಬಾಕಿ ಹೊಸದರ ಮೊದಲ ಸಾಲಿನಲ್ಲಿ ಪೈಸೆ ಬಿಡದೆ ಬಂದಿರುತ್ತದೆ. ಹಳೆಯ ಪಾಸ್‌ಬುಕ್ ಇಟ್ಟುಕೊಂಡಿರುವವರು ತಾಳೆ ನೋಡಿಕೊಳ್ಳಬಹುದು.